‘ಸೂಪರ್’ ಅಂದು ಸುಮ್ಮನಾಗಬೇಡಿ, ಚುಕ್ಕಿ ತೋರಿಸಿ

ನಮ್ಮ ಊರುಗಳ ವಾಟ್ಸಾಪ್ ಗ್ರೂಪಿನಲ್ಲಿ ಅತಿ ಹೆಚ್ಚು ಖರ್ಚಾಗುವ ಪದ ಯಾವುದು ಅಂತ ಕೇಳಿದರೆ ನಾನು ‘ಸೂಪರ್’ ಅಂತೀನಿ. ಬೋರ್‌ವೆಲ್‌ನಲ್ಲಿ ನೀರು ಬಿದ್ದರೂ ಸೂಪರ್, ಹುಡುಗಿ ಪಿಯುಸಿ ಪಾಸಾದರೂ ಸೂಪರ್, ಹುಡುಗನೊಬ್ಬ ಫೋನಿನಲ್ಲಿ ಬರೆದ ಚಿತ್ರ ಹಾಕಿದರೂ ಸೂಪರ್. ಮೊದಲೆರಡಕ್ಕೆ ನನ್ನ ತಕರಾರಿಲ್ಲ. ಮೂರನೆಯದಕ್ಕೆ ಇದೆ.

ಯಾಕೆ ಅಂದರೆ ಚಿತ್ರ ಹಾಕಿದ ಹುಡುಗ ಆ ಪದದಿಂದ ಏನನ್ನೂ ಕಲಿಯಲಾರ. ಹಾಗಂತ ‘ಇದೇನೋ ಗುಜರಿ ಸಾಮಾನು’ ಅನ್ನುವವರಿಂದಲೂ ಕಲಿಯಲಾರ. ಒಬ್ಬರು ಬೆನ್ನು ತಟ್ಟಿದರು, ಇನ್ನೊಬ್ಬರು ಬೆನ್ನಿಗೆ ಗುದ್ದಿದರು. ಚಿತ್ರವನ್ನು ಇಬ್ಬರೂ ನೋಡಲಿಲ್ಲ.

ಈಚೆಗೆ ನಮ್ಮ ಕಡೆಯ ಮಕ್ಕಳು ಬರೆಯುತ್ತಿರುವುದು ಹೆಚ್ಚಾಗಿ ಪಿಕ್ಸೆಲ್ ಚಿತ್ರ. ಗೊತ್ತಿಲ್ಲದವರಿಗೆ ಸುಲಭವಾಗಿ ಹೇಳುತ್ತೇನೆ. ಗಣಿತದ ಚೌಕುಳಿ ಪುಸ್ತಕ ಇದೆಯಲ್ಲ, ಅದರ ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ ತುಂಬಿ ಚಿತ್ರ ಮಾಡುವುದು. ಆ ಒಂದು ಚೌಕವೇ ಪಿಕ್ಸೆಲ್. ಅಡ್ಡ 16, ಉದ್ದ 16 ಚೌಕ ಇಟ್ಟುಕೊಂಡರೆ ಒಟ್ಟು 256. ಅಡ್ಡ 32, ಉದ್ದ 32 ಆದರೆ 1024. ಅಷ್ಟರಲ್ಲೇ ಎತ್ತು, ಹುಲಿ, ಗುಡಿ, ಹೀರೋ ಎಲ್ಲ ಬರಬೇಕು.

ಹಳೇ ನೋಕಿಯಾ 1100 ಫೋನಿನ ಹಾವಿನ ಆಟ ನೆನಪಿದೆಯಾ? ಆ ಪರದೆಯಲ್ಲಿ ಇದ್ದದ್ದು ಅಡ್ಡ 96, ಉದ್ದ 65 ಚುಕ್ಕಿ ಮಾತ್ರ. ನೀವು ದಿನಾ ಕಳಿಸುವ ಎಮೋಜಿಗಳ ಅಜ್ಜಂದಿರೂ ಹೀಗೇ ಹುಟ್ಟಿದವರು. 1999ರಲ್ಲಿ ಜಪಾನಿನ ಶಿಗೆತಾಕಾ ಕುರಿತಾ ಎಂಬುವರು ಅಲ್ಲಿನ ಮೊಬೈಲ್ ಕಂಪನಿಯೊಂದಕ್ಕೆ 176 ಎಮೋಜಿ ಮಾಡಿಕೊಟ್ಟರು. ಒಂದೊಂದಕ್ಕೂ ಸಿಕ್ಕ ಜಾಗ ಅಡ್ಡ 12, ಉದ್ದ 12 ಚೌಕ.

ಕಾಗದ ಬೇಡ, ಬಣ್ಣದ ಡಬ್ಬಿ ಬೇಡ, ಫೋನೊಂದೇ ಸಾಕು. ಹಾಗಾಗಿ ಈ ಕಲೆ ಹಳ್ಳಿ ಮಕ್ಕಳಿಗೆ ಕೈಗೆಟುಕುತ್ತದೆ. ಎಟುಕದೇ ಇರುವುದು ಒಂದೇ: ನೋಡಿ ತಿದ್ದುವ ಕಣ್ಣು.

ದುಡ್ಡಿನ ಪ್ರಶ್ನೆಯೂ ಇದೆ

‘ಆಟದ ಚಿತ್ರಕ್ಕೆ ಇಷ್ಟೆಲ್ಲ ಯಾಕ್ರೀ’ ಅನ್ನುವವರಿಗೆ ಒಂದು ಮಾತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2012ರಲ್ಲಿ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಬೆಂಗಳೂರಿನಲ್ಲಿ ಈ ಕೆಲಸ ಇದೆ ಅಂತ ಮಕ್ಕಳಿಗೆ ಗೊತ್ತು.

ಹಳ್ಳಿಯಿಂದ ಬರುವ ಹುಡುಗರಿಗೆ ವಿಜಯನಗರ, ಅತ್ತಿಗುಪ್ಪೆ ಅಂದರೆ ಕೆಎಎಸ್, ಪಿಎಸ್‌ಐ ಕೋಚಿಂಗ್. ಮೈಸೂರು ರಸ್ತೆ ಕಡೆಯವರು ಕೆಂಗೇರಿಯಲ್ಲಿ ಮೆಟ್ರೊ ಹತ್ತಿದರೆ ನೇರ ಅಲ್ಲಿಗೇ ಇಳಿಯಬಹುದು. ಆದರೆ ಈಗ ಬೆಂಗಳೂರಿಗೆ ಬರುವವರಲ್ಲಿ ಅನಿಮೇಷನ್, ಗ್ರಾಫಿಕ್ಸ್ ಕ್ಲಾಸು ಹುಡುಕಿಕೊಂಡು ಬರುವವರೂ ಇದ್ದಾರೆ. ಒಳಗೆ ಹೋಗಿ ಕೂತರೆ ಕೌನ್ಸೆಲರ್ ಚಿತ್ರ ನೋಡಿ ಹೇಳುವ ಮೊದಲ ಮಾತು, ‘ನಿಮ್ಮ ಹುಡುಗನಿಗೆ ಒಳ್ಳೇ ಟ್ಯಾಲೆಂಟ್ ಇದೆ’. ಎರಡನೇ ಮಾತು ಫೀಸು. ಲಕ್ಷ ದಾಟುವ ಕೋರ್ಸುಗಳೂ ಇವೆ. ಒಂದು ಜೊತೆ ಎತ್ತು ಮಾರಿದ ದುಡ್ಡು ಅಲ್ಲಿ ಕರಗುತ್ತದೆ.

ಎಲ್ಲ ಕ್ಲಾಸುಗಳೂ ಮೋಸ ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಕಲಿಸುವವರಿದ್ದಾರೆ. ಆದರೆ ತನ್ನ ಚಿತ್ರದಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ಮೊದಲೇ ಗೊತ್ತಿರುವ ಹುಡುಗ ಆ ಕುರ್ಚಿಯಲ್ಲಿ ಕೂತರೆ ಕೇಳುವ ಪ್ರಶ್ನೆಯೇ ಬೇರೆ. ‘ನನಗೆ ನೆರಳು ಹಾಕೋದು ಬರಲ್ಲ, ಅದನ್ನ ಯಾರು ಕಲಿಸ್ತಾರೆ?’ ಅಂತ ಕೇಳುತ್ತಾನೆ. ಬರೀ ‘ಸೂಪರ್’ ಕೇಳಿ ಬೆಳೆದವನು ಫಾರಂಗೆ ಸಹಿ ಹಾಕಿ ಎದ್ದು ಬರುತ್ತಾನೆ. ಹೊಗಳಿಕೆ ಹೊನ್ನಿನ ಶೂಲ ಅಂತ ನಮ್ಮ ಹಿರಿಯರು ಅಂದದ್ದು ಸುಮ್ಮನೆ ಅಲ್ಲ.

ಈ ಕಣ್ಣು ನಮ್ಮಲ್ಲಿ ಇದ್ದೇ ಇದೆ

ಚಿತ್ರ ವಿಮರ್ಶೆ ಅಂದರೆ ಪೇಟೆಯವರ ವಿದ್ಯೆ ಅಂತ ಅಂದುಕೊಂಡಿದ್ದೇವೆ. ನನ್ನ ವಾದ ಉಲ್ಟಾ. ಚುಕ್ಕಿ ಲೆಕ್ಕ ಹಾಕಿ ತಪ್ಪು ಹಿಡಿಯುವ ವಿದ್ಯೆ ನಮ್ಮ ಅಂಗಳದಲ್ಲೇ ಇದೆ.

ಚುಕ್ಕಿ ರಂಗೋಲಿ ನೋಡಿ. ‘15 ಚುಕ್ಕಿ, ಸಂದು ಚುಕ್ಕಿ 8ರವರೆಗೆ’ ಅಂತ ಲೆಕ್ಕ ಹೇಳಿಯೇ ಶುರು ಮಾಡುತ್ತಾರೆ. ಎಳೆ ತಪ್ಪಿದರೆ ಅಜ್ಜಿ ‘ನಿನಗೆ ರಂಗೋಲಿ ಬರಲ್ಲ’ ಅನ್ನುವುದಿಲ್ಲ. ‘ಮೂರನೇ ಸಾಲಲ್ಲಿ ಒಂದು ಚುಕ್ಕಿ ಬಿಟ್ಟೀಯ ನೋಡು’ ಅನ್ನುತ್ತಾಳೆ. ಮೊಮ್ಮಗಳು ಅಲ್ಲೇ ಬೆರಳಿನಿಂದ ಒರೆಸಿ ಸರಿ ಮಾಡುತ್ತಾಳೆ. ಯಾರಿಗೂ ಬೇಜಾರಿಲ್ಲ.

ಉತ್ತರ ಕರ್ನಾಟಕದ ಕಸೂತಿಯೂ ಹಾಗೇ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವಂತಿಲ್ಲ. ನೂಲಿನ ಎಳೆ ಎಣಿಸಿಕೊಂಡೇ ಗೋಪುರ, ತೇರು, ನವಿಲು ಎಲ್ಲ ತೆಗೆಯಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು, ಗಂಟು ಇರಕೂಡದು. ಹಾಗಾಗಿ ಕೆಲಸ ಪರೀಕ್ಷೆ ಮಾಡಬೇಕಾದರೆ ಬಟ್ಟೆ ತಿರುಗಿಸಿ ನೋಡಿದರಾಯಿತು. ಎಲ್ಲಿ ಎಣಿಕೆ ತಪ್ಪಿದೆ ಅಂತ ಹಿಂಬದಿಯೇ ಹೇಳುತ್ತದೆ.

ಇನ್ನು ದನದ ಜಾತ್ರೆ. ಮಾಗಡಿ ಕಡೆಯ ರೈತ ಎತ್ತು ಕೊಳ್ಳುವಾಗ ಸುತ್ತ ಒಂದು ಸುತ್ತು ಬರುತ್ತಾನೆ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ‘ಮೈಕಟ್ಟು ಚೆನ್ನಾಗದೆ, ಹಿಂಗಾಲು ಸ್ವಲ್ಪ ಎಳೀತದೆ’ ಅಂತ ಹೇಳುತ್ತಾನೆ. ಎತ್ತಿನ ಯಜಮಾನನಿಗೆ ಅವಮಾನ ಆಗುವುದಿಲ್ಲ. ಯಾಕೆ ಅಂದರೆ ಮಾತು ಕಾಲಿನ ಬಗ್ಗೆ, ಯಜಮಾನನ ಬಗ್ಗೆ ಅಲ್ಲ.

ಮೂರರಲ್ಲೂ ಸಾಮಾನ್ಯ ಇರುವುದು ಇಷ್ಟೇ: ಎಲ್ಲಿ ಅಂತ ಬೆರಳಿಟ್ಟು ತೋರಿಸುತ್ತಾರೆ. ಪಿಕ್ಸೆಲ್ ಚಿತ್ರಕ್ಕೂ ಬೇಕಿರುವುದು ಅದೇ.

ಒಂದು ಎತ್ತನ್ನು ನೋಡೋಣ

ಉದಾಹರಣೆಗೆ, ಹೊಸದಾಗಿ ಕಲಿಯುತ್ತಿರುವ ಹುಡುಗನೊಬ್ಬ 32 ಗುಣಿಸು 32 ಚೌಕದಲ್ಲಿ ಹಳ್ಳಿಕಾರ್ ಎತ್ತು ಬರೆದು ಕಳಿಸಿದ್ದಾನೆ ಅಂದುಕೊಳ್ಳಿ. ನೀವು ಏನು ಮಾಡಬೇಕು?

ಮೊದಲು ಚಿತ್ರ ಸರಿಯಾಗಿ ಬಂದಿದೆಯಾ ನೋಡಿ. ವಾಟ್ಸಾಪ್‌ನಲ್ಲಿ ಫೋಟೋ ಥರ ಕಳಿಸಿದರೆ ಅದು ಚಿತ್ರವನ್ನು ಹಿಂಡುತ್ತದೆ, ಚೌಕಗಳ ಅಂಚು ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ತೀರಾ ಚಿಕ್ಕದಾದರೆ ಸರಿಯಾಗಿ 10 ಪಟ್ಟು ಹಿಗ್ಗಿಸಿ 320 ಗುಣಿಸು 320 ಮಾಡಿ ಕಳಿಸಲಿ. ಏಳೂವರೆ ಪಟ್ಟು, ಎಂಟೂಕಾಲು ಪಟ್ಟು ಅಂತ ಹಿಗ್ಗಿಸಿದರೆ ಒಂದು ಚೌಕ ದಪ್ಪ, ಒಂದು ಚೌಕ ಸಣ್ಣ ಆಗುತ್ತದೆ. ಆಮೇಲೆ ನೀವು ಹುಡುಕುವ ತಪ್ಪು ಹುಡುಗನದ್ದಲ್ಲ, ಫೋನಿನದ್ದು.

ಎರಡನೆಯದು, ಏನು ಬರೆಯಲು ಹೊರಟಿದ್ದೆ ಅಂತ ಅವನನ್ನೇ ಕೇಳಿ. ಆಟದಲ್ಲಿ ಓಡುವ ಎತ್ತಾ, ಸ್ಟಿಕ್ಕರ್‌ಗಾ, ನಗುವ ಎತ್ತಾ, ಗುಮ್ಮುವ ಎತ್ತಾ? ಅವನ ಉದ್ದೇಶ ಗೊತ್ತಿಲ್ಲದೆ ತಿದ್ದಿದರೆ ಅದು ನಿಮ್ಮ ಎತ್ತಾಗುತ್ತದೆ, ಅವನದ್ದಲ್ಲ.

ಮೂರನೆಯದು, ಚೆನ್ನಾಗಿರುವುದನ್ನು ಹೇಳಿ, ಆದರೆ ಚುಕ್ಕಿ ತೋರಿಸಿ ಹೇಳಿ. ‘ಕಿವಿಗೆ ಬರೀ ಮೂರು ಚೌಕ ಬಳಸೀಯ, ಆದ್ರೂ ಕಿವಿ ಅಂತ ಗೊತ್ತಾಗುತ್ತೆ.’ ಇದು ಹೊಗಳಿಕೆಯೇ. ಆದರೆ ಇಲ್ಲಿ ಕಲಿಯುವುದಿದೆ. ನಾಳೆ ಮೇಕೆ ಬರೆಯುವಾಗ ಕಿವಿಗೆ ಅವನು ಅದೇ ಉಪಾಯ ಮಾಡುತ್ತಾನೆ.

ಆಮೇಲೆ ತಪ್ಪು. ಹೊಸಬರ ಪಿಕ್ಸೆಲ್ ಚಿತ್ರದಲ್ಲಿ ಮತ್ತೆ ಮತ್ತೆ ಬರುವ ತಪ್ಪುಗಳು ನಾಲ್ಕೈದೇ.

ಒಂದು, ಹಲ್ಲು ಹಲ್ಲಾದ ಗೆರೆ. ಹಳ್ಳಿಕಾರ್ ಎತ್ತಿನ ಕೊಂಬು ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ಅರ್ಧದವರೆಗೆ ನೇರ ಹಿಂದಕ್ಕೆ ಹೋಗಿ, ಆಮೇಲೆ ನಯವಾಗಿ ಮುಂದಕ್ಕೆ ಬಾಗುತ್ತದೆ. ಚೌಕದಲ್ಲಿ ಆ ಬಾಗು ಬರಬೇಕಾದರೆ ಮೆಟ್ಟಿಲುಗಳ ಉದ್ದ ಕ್ರಮವಾಗಿ ಇಳಿಯಬೇಕು: 4, 3, 2, 1 ಹೀಗೆ. ಹುಡುಗ 3, 1, 3, 1 ಅಂತ ಇಟ್ಟಿದ್ದರೆ ಕೊಂಬು ಗರಗಸದಂತೆ ಕಾಣುತ್ತದೆ. ‘ಕೊಂಬು ಚೆನ್ನಾಗಿಲ್ಲ’ ಅನ್ನುವ ಬದಲು ‘ಕೊಂಬಿನ ಎರಡನೇ ಮೆಟ್ಟಿಲು ಒಂದೇ ಚೌಕ ಇದೆ, ಅದನ್ನ ಮೂರು ಮಾಡಿ ನೋಡು’ ಅನ್ನಿ.

ಎರಡು, ದಿಂಬಿನ ನೆರಳು. ಮಧ್ಯ ಬೆಳ್ಳಗೆ, ಸುತ್ತ ಅಂಚಿಗೆಲ್ಲ ಕಪ್ಪು. ಹಾಗೆ ಮಾಡಿದರೆ ಎತ್ತಿನ ಮೈ ಊದಿದ ದಿಂಬಿನಂತೆ ಕಾಣುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ‘ಸೂರ್ಯ ಯಾವ ಕಡೆ ಇದ್ದಾನೆ?’ ಎಡಗಡೆ ಮೇಲೆ ಅಂದರೆ ಬೆನ್ನು ಮತ್ತು ಇಣಿ ಬೆಳಗಬೇಕು, ಹೊಟ್ಟೆಯ ಕೆಳಗೆ ನೆರಳು ಬೀಳಬೇಕು. ಮಧ್ಯಾಹ್ನ ಹೊಲದಲ್ಲಿ ನಿಂತ ಎತ್ತನ್ನು ನೋಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮೂರು, ಬಣ್ಣದ ದುಂದು. ಬೂದು ಬಣ್ಣದ ಎತ್ತಿಗೆ ಇಪ್ಪತ್ತು ಬಗೆ ಬೂದು. ಅಷ್ಟು ಚಿಕ್ಕ ಚಿತ್ರದಲ್ಲಿ ಅವು ಒಂದರಲ್ಲೊಂದು ಕಲಸಿ ಕೊಳೆಯಂತೆ ಕಾಣುತ್ತವೆ. ಒಂದು ಮೈಬಣ್ಣ, ಒಂದು ಬೆಳಕು, ಒಂದು ನೆರಳು, ಒಂದು ಕಪ್ಪು. ನಾಲ್ಕರಲ್ಲಿ ಮಾಡಿ ನೋಡಲಿ. ಹಳೇ ಗೇಮ್‌ಬಾಯ್ ಎಂಬ ಆಟದ ಯಂತ್ರದಲ್ಲಿ ಇದ್ದದ್ದೇ ನಾಲ್ಕು ಛಾಯೆ.

ನಾಲ್ಕು, ಆಕಾರ. ಇಡೀ ಎತ್ತಿಗೆ ಕಪ್ಪು ತುಂಬಿಬಿಡಿ. ಬರೀ ನೆರಳಿನ ಆಕಾರ ನೋಡಿ ಎತ್ತು ಅಂತ ಗೊತ್ತಾಗುತ್ತದಾ? ಇಣಿ ಇಲ್ಲದಿದ್ದರೆ ನಾಯಿಯೂ ಆಗಬಹುದು, ಕುದುರೆಯೂ ಆಗಬಹುದು.

ಆದರೆ ನಾಲ್ಕನ್ನೂ ಒಂದೇ ಸಲ ಸುರಿಯಬೇಡಿ. ಆಕಾರ ಸರಿ ಇಲ್ಲದ ಎತ್ತಿಗೆ ನೆರಳಿನ ಪಾಠ ಹೇಳಿ ಪ್ರಯೋಜನ ಇಲ್ಲ. ಅಡಿಪಾಯ ವಾಲಿದ ಮನೆಗೆ ಸುಣ್ಣದ ಬಣ್ಣ ಆರಿಸಿದ ಹಾಗೆ. ದೊಡ್ಡದು ಒಂದನ್ನು ಹೇಳಿ, ತಿದ್ದಿಕೊಂಡು ಬರಲಿ, ಆಮೇಲೆ ಮುಂದಿನದು.

ಇನ್ನೊಂದು ಮಾತು. ಅವನ ಚಿತ್ರ ತೆಗೆದುಕೊಂಡು ನೀವೇ ಪೂರ್ತಿ ಬರೆದು ‘ನೋಡು ಹಿಂಗೆ’ ಅಂತ ಕಳಿಸಬೇಡಿ. ಬೇಕಾದರೆ ‘ಕೊಂಬು ಮಾತ್ರ ತಿದ್ದಿ ತೋರಿಸ್ಲಾ?’ ಅಂತ ಕೇಳಿ, ಅಷ್ಟನ್ನೇ ತಿದ್ದಿ. ಉಳಿದದ್ದು ಅವನ ಕೈಯಲ್ಲೇ ಇರಲಿ.

ಕೇಳಿಸಿಕೊಳ್ಳುವುದೂ ಒಂದು ಕೆಲಸ

ನಾನು ಸ್ಟ್ರಿಂಗರ್. ವರದಿ ಕಳಿಸಿದ ಮೇಲೆ ಡೆಸ್ಕಿನಿಂದ ಎರಡು ಥರದ ಫೋನ್ ಬರುತ್ತವೆ. ‘ಏನ್ರೀ ಹಿಂಗೆ ಬರ್ದಿದೀರಾ’ ಅನ್ನುವುದು ಒಂದು. ‘ಮೂರನೇ ಪ್ಯಾರಾದಲ್ಲಿ ಕೆರೆ ಯಾವ ಪಂಚಾಯ್ತಿಗೆ ಸೇರುತ್ತೆ ಅಂತಿಲ್ಲ’ ಅನ್ನುವುದು ಇನ್ನೊಂದು. ಮೊದಲನೇ ಫೋನ್ ಇಟ್ಟ ಮೇಲೆ ಟೀ ಕುಡಿಯಬೇಕು ಅನಿಸುತ್ತದೆ. ಎರಡನೇ ಫೋನ್ ಇಟ್ಟ ಮೇಲೆ ಪಿಡಿಒಗೆ ಫೋನ್ ಮಾಡಬೇಕು ಅನಿಸುತ್ತದೆ.

ಚಿತ್ರ ಬರೆಯುವ ಮಕ್ಕಳಿಗೆ ಹೇಳುವುದು ಇಷ್ಟು. ಮೊದಲನೇ ಥರದ ಮಾತು ಬಂದರೆ ಸಿಟ್ಟಾಗುವ ಬದಲು ‘ಎಲ್ಲಿ?’ ಅಂತ ಕೇಳಿ. ಉತ್ತರ ಬಂದರೆ ಲಾಭ ನಿಮಗೆ. ಬರಲಿಲ್ಲ ಅಂದರೆ ಆ ಮಾತಿಗೆ ತೂಕ ಇಲ್ಲ, ಬಿಟ್ಟುಬಿಡಿ. ‘ಸೂಪರ್’ ಅಂದವರನ್ನೂ ಹಾಗೇ ಕೇಳಿ: ‘ಏನು ಇಷ್ಟ ಆಯ್ತು?’

ವಾದಕ್ಕೆ ಇಳಿಯಬೇಡಿ. ‘ಅದು ಬಾಲ ಅಣ್ಣಾ, ಕಾಲಲ್ಲ’ ಅಂತ ವಿವರಿಸಬೇಕಾಗಿ ಬಂತು ಅಂದರೆ ಬಾಲ ಇನ್ನೂ ಬಾಲ ಆಗಿಲ್ಲ ಅಂತಲೇ ಅರ್ಥ. ಆಟ ಆಡುವವನ ಪಕ್ಕ ನೀವು ನಿಂತುಕೊಂಡು ವಿವರಿಸಲು ಆಗುವುದಿಲ್ಲ.

ಹಳೆಯದನ್ನು ಅಳಿಸಬೇಡಿ. ಕಾಪಿ ಮಾಡಿಕೊಂಡು ಅದರಲ್ಲಿ ತಿದ್ದಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹಳೆಯದೇ ಚೆಂದ ಅನಿಸಿದರೆ ಹಳೆಯದನ್ನೇ ಇಟ್ಟುಕೊಳ್ಳಿ. ಸಲಹೆ ಕೇಳಬೇಕು ಅಂತಿದೆಯೇ ಹೊರತು ಒಪ್ಪಲೇಬೇಕು ಅಂತಿಲ್ಲ.

ಇಬ್ಬರು ಬೇರೆ ಬೇರೆ ಪರಿಹಾರ ಹೇಳಿದರೆ ಗೊಂದಲ ಆಗುತ್ತದೆ. ಒಬ್ಬರು ‘ಕೊಂಬು ಉದ್ದ ಮಾಡು’ ಅಂತಾರೆ, ಇನ್ನೊಬ್ಬರು ‘ತೆಳ್ಳಗೆ ಮಾಡು’ ಅಂತಾರೆ. ಇಬ್ಬರ ಔಷಧಿಯೂ ತಪ್ಪಿರಬಹುದು, ಆದರೆ ಇಬ್ಬರೂ ಬೆರಳಿಟ್ಟದ್ದು ಕೊಂಬಿನ ಮೇಲೇ. ನೋವು ಅಲ್ಲಿದೆ. ಮದ್ದು ನೀವು ಹುಡುಕಿಕೊಳ್ಳಿ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆಗೆ ಕಲಾವಿದರೇ ಬೇಕಿಲ್ಲ. ಫೋನನ್ನು ಅಮ್ಮನ ಮುಂದೆ ಹಿಡಿದು, ಏನು ಅಂತ ಹೇಳದೆ, ‘ಇದೇನಮ್ಮಾ?’ ಅಂತ ಕೇಳಿ. ‘ಎಮ್ಮೆ’ ಅಂದರೆ ಕೊಂಬು ತಿದ್ದಬೇಕು. ‘ಎತ್ತು’ ಅಂದರೆ ಪಾಸು. ‘ನಮ್ಮ ಹಳ್ಳಿಕಾರು’ ಅಂದರೆ ಡಿಸ್ಟಿಂಕ್ಷನ್.

ಚೌಕ ಕಡಿಮೆ ಇದ್ದಷ್ಟೂ ಲೆಕ್ಕ ಬಿಗಿ

ಒಂದೊಂದು ಚೌಕದ ಬಗ್ಗೆ ಇಷ್ಟು ಚರ್ಚೆ ಬೇಕಾ ಅಂದರೆ, ಬೇಕು. ಮಾರಿಯೋನನ್ನು ನೋಡಿ. 1981ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಅವನನ್ನು ಬರೆದಾಗ ಸಿಕ್ಕ ಚೌಕ ಬಹಳ ಕಡಿಮೆ. ಕೂದಲು ಬಿಡಿಸುವುದು ಕಷ್ಟ, ಟೋಪಿ ಹಾಕಿದರು. ಮೂಗು, ಬಾಯಿ ಬೇರೆ ಬೇರೆ ಕಾಣುವುದಿಲ್ಲ, ಮೀಸೆ ಇಟ್ಟರು. ಕೈ ಆಡಿಸುವುದು ಕಾಣಬೇಕು, ಅಂಗಿಗೊಂದು ಬಣ್ಣ, ಮೇಲುಡುಪಿಗೊಂದು ಬಣ್ಣ ಕೊಟ್ಟರು. ಜಗತ್ತಿಗೇ ಗೊತ್ತಿರುವ ಮುಖ ಹೀಗೆ ಒಂದೊಂದು ತೊಡಕಿಗೆ ಒಂದೊಂದು ಉತ್ತರ ಹುಡುಕಿ ಆದದ್ದು.

1984ರಲ್ಲಿ ಬಂದ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರಿನ ಚಿಕ್ಕ ಚಿತ್ರಗಳನ್ನು ಬರೆದ ಸೂಸನ್ ಕೇರ್ ಮೊದಲು ಚೌಕುಳಿ ಕಾಗದದ ಮೇಲೇ ಬರೆದುಕೊಂಡರು. 32 ಗುಣಿಸು 32. ನಮ್ಮ ಎತ್ತಿನಷ್ಟೇ ಜಾಗ. ಫೋನ್ ಅಪ್ಪನ ಹತ್ತಿರ ಇದ್ದಾಗ ನಮ್ಮ ಮಕ್ಕಳೂ ಗಣಿತದ ಪುಸ್ತಕದಲ್ಲಿ ಹೀಗೆ ಮಾಡಬಹುದು.

ಕನ್ನಡದಲ್ಲೇ ಉದಾಹರಣೆ ಬೇಕಾದರೆ ಕೆಂಗೇರಿ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಲ್ಲಿ. ಬಸ್ಸಿನ ಹಣೆಯ ಮೇಲಿನ ಎಲ್‌ಇಡಿ ಬೋರ್ಡು ಕೂಡ ಚುಕ್ಕಿಯ ಚಿತ್ರವೇ. ‘ರಾಜಾಜಿನಗರ’ ಅಂತ ಚುಕ್ಕಿಯಲ್ಲಿ ಬರೆಯುವುದು ಸುಲಭ, ಒತ್ತಕ್ಷರ ಇಲ್ಲ. ‘ಬಸವೇಶ್ವರನಗರ’ ಅನ್ನುವಾಗ ‘ಶ್ವ’ ಬರುತ್ತದೆ. ಒತ್ತಿಗೆ ಕೆಳಗೆ ಜಾಗ ಬಿಡಬೇಕು. ಒತ್ತಿಗೆ ಜಾಗ ಬಿಟ್ಟರೆ ಮೇಲಿನ ಅಕ್ಷರ ಗಿಡ್ಡ ಆಗಬೇಕು. ಅಕ್ಷರ ದೊಡ್ಡದು ಮಾಡಿದರೆ ಒತ್ತು ನಜ್ಜುಗುಜ್ಜು. ‘ದ’, ‘ಧ’, ‘ಥ’ ಪಕ್ಕ ಪಕ್ಕ ಬರೆದು ನೋಡಿ: ಒಳಗಿನ ಒಂದು ಚುಕ್ಕಿ, ಕೆಳಗಿನ ಒಂದು ಸೀಳು, ಅಷ್ಟರಲ್ಲೇ ಅಕ್ಷರ ಬದಲಾಗುತ್ತದೆ. ಒಂದು ಚುಕ್ಕಿ ತಪ್ಪಿದರೆ ಓದು ಕಲಿಯುತ್ತಿರುವ ಅಜ್ಜಿಗೆ ಬಸ್ಸು ತಪ್ಪುತ್ತದೆ.

ಇಂಥ ಬೋರ್ಡಿಗೆ ಚೆಂದದ ಕನ್ನಡ ಅಕ್ಷರ ಮಾಡುವವರು ನಮ್ಮ ಹಳ್ಳಿಯ ಮಕ್ಕಳೇ ಯಾಕಾಗಬಾರದು?

ಬೇಜಾರಾಗುತ್ತೆ ಅನ್ನುವವರಿಗೆ

‘ಹಳ್ಳಿ ಮಕ್ಕಳಿಗೆ ಪ್ರೋತ್ಸಾಹ ಮೊದಲೇ ಕಡಿಮೆ. ಓದೋದು ಬಿಟ್ಟು ಚಿತ್ರ ಬರೀತಾನೆ ಅಂತ ಮನೆಯಲ್ಲಿ ಬೈಗುಳ ಬೇರೆ. ನಾವೂ ತಪ್ಪು ಹುಡುಕಿದರೆ ಬಿಟ್ಟೇಬಿಡ್ತಾನೆ’ ಅಂತ ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯ ಇದೆ. ಹುಡುಗಿಯರ ವಿಷಯದಲ್ಲಂತೂ ಇನ್ನೂ ಹೆಚ್ಚು ಸತ್ಯ. ಗ್ರೂಪಿನಲ್ಲಿ ಒಂದು ಕೆಟ್ಟ ಕಮೆಂಟ್ ಬಂದರೆ ಮನೆಯವರು ಫೋನನ್ನೇ ಕಿತ್ತಿಟ್ಟುಕೊಳ್ಳಬಹುದು.

ಅದಕ್ಕೇ ನೂರೈವತ್ತು ಜನರ ಗ್ರೂಪಿನಲ್ಲಿ ತಪ್ಪು ಹೇಳಬೇಡಿ. ಪ್ರತ್ಯೇಕವಾಗಿ ಹೇಳಿ. ಅವರು ಕೇಳಿದ ಮೇಲೆ ಹೇಳಿ. ಮೊದಲ ಚಿತ್ರಕ್ಕೇ ಎಲ್ಲ ಹೇಳಬೇಡಿ. ಆದರೆ ಹೇಳದೇ ಇರುವುದನ್ನು ದಯೆ ಅಂತ ಕರೆಯಬೇಡಿ. ನಾವು ಸುಮ್ಮನಿದ್ದರೆ ಆ ಮಾತನ್ನು ಮುಂದೆ ಹೇಳುವವನು ಇಂಟರ್‌ವ್ಯೂನಲ್ಲಿ ಕೂತ ಅಪರಿಚಿತ. ಅವನು ‘ಎಲ್ಲಿ’ ಅಂತಲೂ ಹೇಳುವುದಿಲ್ಲ. ‘ತಿಳಿಸ್ತೀವಿ’ ಅಂತಾನೆ, ಅಷ್ಟೇ.

ಚುಕ್ಕಿ ತೋರಿಸಿ ಮಾತಾಡುವುದಕ್ಕೆ ಸಮಯ ಹಿಡಿಯುತ್ತದೆ. ಕೊಂಬಿನ ಮೆಟ್ಟಿಲು ಎಣಿಸಲು ಎರಡು ನಿಮಿಷ ಬೇಕು. ‘ನನ್ನ ಚಿತ್ರವನ್ನು ಒಬ್ಬರು ಕೂತು ಎಣಿಸಿದ್ದಾರೆ’ ಅಂತ ಹುಡುಗನಿಗೆ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಪ್ರೋತ್ಸಾಹ ನನಗೆ ತೋಚುವುದಿಲ್ಲ. ಲಾಭ ಅವನಿಗೊಬ್ಬನಿಗೇ ಅಲ್ಲ. ಬೇರೆಯವರ ಎತ್ತಿನ ಕೊಂಬು ಎಣಿಸಿದವರಿಗೆ ಮರುದಿನ ತಮ್ಮ ಹುಲಿಯ ಬಾಲದಲ್ಲಿ ಅದೇ ತಪ್ಪು ಕಾಣುತ್ತದೆ. ಹೇಳಿಕೊಡುವವರೇ ಹೆಚ್ಚು ಕಲಿಯುತ್ತಾರೆ ಅಂತ ಮೇಷ್ಟ್ರುಗಳು ಹೇಳುವುದು ಇದನ್ನೇ.

ಈ ವಾರ ಹೀಗೆ ಮಾಡಿ ನೋಡಿ. ಮೂರು ನಾಲ್ಕು ಜನ ಗೆಳೆಯರು ಸೇರಿ. 16 ಗುಣಿಸು 16 ಚೌಕ, ನಾಲ್ಕೇ ಬಣ್ಣ. ನಿಮ್ಮ ಊರಿನ ಒಂದು ವಸ್ತು ಬರೆಯಿರಿ: ನೇಗಿಲು, ನೀರಿನ ಟ್ಯಾಂಕು, ಊರ ಬಾಗಿಲ ಆಂಜನೇಯನ ಗುಡಿ, ಹಾಲಿನ ಕ್ಯಾನು. ಕಂಪ್ಯೂಟರ್ ಸಿಕ್ಕರೆ ‘ಪಿಸ್ಕೆಲ್’ ಅಂತ ಹುಡುಕಿ, ಬ್ರೌಸರಿನಲ್ಲೇ ಉಚಿತವಾಗಿ ಬರೆಯಬಹುದು. ಇಲ್ಲದಿದ್ದರೆ ಗಣಿತದ ಪುಸ್ತಕ ಇದ್ದೇ ಇದೆ. ಒಬ್ಬೊಬ್ಬರೂ ಉಳಿದವರ ಚಿತ್ರದಲ್ಲಿ ಒಂದು ಒಳ್ಳೇ ಚುಕ್ಕಿ, ಒಂದು ತಿದ್ದಬೇಕಾದ ಚುಕ್ಕಿ ತೋರಿಸಿ. ಎರಡಕ್ಕಿಂತ ಹೆಚ್ಚು ಬೇಡ. ಮೂರು ದಿನ ಬಿಟ್ಟು ತಿದ್ದಿದ ಚಿತ್ರ ತನ್ನಿ. ಆ ಗ್ರೂಪಿನಲ್ಲಿ ಒಂದೇ ನಿಯಮ ಇರಲಿ: ‘ಸೂಪರ್’ ಅಂದವರು ಎಲ್ಲರಿಗೂ ಟೀ ಕೊಡಿಸಬೇಕು.